ಸಾಕುನಾಯಿಗೆ ವಿಮೆ: ‘ಹಳೆಯ ಕಾಯಿಲೆ’ಯ ಗೆರೆ ಎಳೆಯುವವರು ಯಾರು?

ಬೆಂಗಳೂರು: ಉಣ್ಣಿ ಜ್ವರದಿಂದ ಒಮ್ಮೆ ನರಳಿ ಗುಣವಾದ ನಾಯಿಗೆ ಮರುವರ್ಷ ಮತ್ತೆ ಅದೇ ಜ್ವರ ಕಾಣಿಸಿಕೊಂಡರೆ ಅದು ಹೊಸ ರೋಗವೋ, ಹಳೆಯ ರೋಗದ ಮರುಕಳಿಕೆಯೋ? ಚಿಕಿತ್ಸೆ ನೀಡುವ ಪಶುವೈದ್ಯರಿಗೆ ಈ ಪ್ರಶ್ನೆ ಅಷ್ಟೇನೂ ದೊಡ್ಡದಲ್ಲ. ಎರಡಕ್ಕೂ ಔಷಧಿ ಬಹುತೇಕ ಒಂದೇ. ಆದರೆ ನಾಯಿಗೆ ವಿಮೆ ಮಾಡಿಸಿದವರ ಪಾಲಿಗೆ ಇಡೀ ವ್ಯವಹಾರ ನಿಂತಿರುವುದು ಇದೇ ಪ್ರಶ್ನೆಯ ಮೇಲೆ. ಹೊಸ ರೋಗವಾದರೆ ಪರಿಹಾರ ಕೇಳಬಹುದು. ಹಳೆಯದೆಂದು ತೀರ್ಮಾನವಾದರೆ ‘ಪಾಲಿಸಿಗೆ ಮೊದಲೇ ಇದ್ದ ಕಾಯಿಲೆ’ ಎಂಬ ಒಂದು ಸಾಲಿನ ಷರತ್ತಿನಡಿ ಅರ್ಜಿ ತಿರಸ್ಕೃತವಾಗುತ್ತದೆ.

ಈ ಉದಾಹರಣೆಯನ್ನು ಸುಮ್ಮನೆ ಆರಿಸಿಕೊಂಡದ್ದಲ್ಲ. ನಮ್ಮ ನಗರಗಳಲ್ಲಿ ನಾಯಿ ಸಾಕಿದವರಲ್ಲಿ ಉಣ್ಣಿ ಜ್ವರದ ಹೆಸರು ಕೇಳದವರು ವಿರಳ. ಇದಕ್ಕೆ ಕಾರಣವಾಗುವ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ ನಾಯಿಯ ದೇಹದಲ್ಲಿ ಯಾವ ಲಕ್ಷಣವನ್ನೂ ತೋರದೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅಡಗಿ ಕೂರಬಲ್ಲದು. ರೋಗ ವಾಸಿಯಾದ ನಂತರವೂ ರಕ್ತದಲ್ಲಿ ಅದರ ವಿರುದ್ಧದ ಪ್ರತಿಕಾಯಗಳು ಬಹುಕಾಲ ಉಳಿಯುತ್ತವೆ. ಹಾಗಾಗಿ ಪ್ರತಿಕಾಯ ಪತ್ತೆಹಚ್ಚುವ ಸಾಮಾನ್ಯ ಕಿಟ್ ಪರೀಕ್ಷೆಯಿಂದ ‘ಇದು ಹೊಸ ಉಣ್ಣಿ ಕಚ್ಚಿ ಬಂದದ್ದು’ ಎಂದಾಗಲೀ ‘ಇದು ಹಳೆಯದೇ’ ಎಂದಾಗಲೀ ಖಚಿತವಾಗಿ ಹೇಳಲಾಗದು. ವಿಜ್ಞಾನವೇ ಅನುಮಾನಿಸುವ ಜಾಗದಲ್ಲಿ ವಿಮಾ ಪಾಲಿಸಿಯ ಭಾಷೆ ಮಾತ್ರ ಖಚಿತವಾಗಿರುತ್ತದೆ ಎಂಬುದು ಈ ವ್ಯವಹಾರದ ಮೊದಲ ವೈಚಿತ್ರ್ಯ.

ಸಾಕುಪ್ರಾಣಿ ವಿಮೆಯ ಬಗ್ಗೆ ವಿಚಾರಿಸುವವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ‘ಪ್ರೀಮಿಯಂ ಎಷ್ಟು?’ ಎಂಬುದೇ. ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಯಾವುದನ್ನು ಹಳೆಯ ಕಾಯಿಲೆ ಎಂದು ಕರೆಯಲಾಗುತ್ತದೆ, ಅದನ್ನು ಯಾವ ಕಾಗದ ನೋಡಿ ನಿರ್ಧರಿಸುತ್ತಾರೆ, ಹಾಗೂ ಈ ವರ್ಷ ಬಂದ ಕಾಯಿಲೆ ಮುಂದಿನ ವರ್ಷದ ನವೀಕರಣದ ವೇಳೆಗೆ ‘ಹಳೆಯದು’ ಆಗಿಬಿಡುತ್ತದೆಯೇ?

ದನದ ವಿಮೆಯ ಕುಡಿ

ನಾಯಿಗೆ ವಿಮೆ ಎಂಬುದು ಇತ್ತೀಚಿನ ಶೋಕಿ ಎಂಬ ಭಾವನೆ ಹಲವರಲ್ಲಿದೆ. ವಾಸ್ತವದಲ್ಲಿ ಸಾರ್ವಜನಿಕ ವಲಯದ ಸಾಮಾನ್ಯ ವಿಮಾ ಕಂಪೆನಿಗಳು ದಶಕಗಳ ಹಿಂದಿನಿಂದಲೂ ಶ್ವಾನ ಪಾಲಿಸಿಯನ್ನು ಮಾರುತ್ತ ಬಂದಿವೆ. ಆದರೆ ಅದನ್ನು ರೂಪಿಸಿದ್ದು ದನದ ವಿಮೆಯ ಅಚ್ಚಿನಲ್ಲಿ. ಹಸುವಿನ ಕಿವಿಗೆ ಓಲೆ ಹಾಕಿ, ಅದರ ಮಾರುಕಟ್ಟೆ ಬೆಲೆಯನ್ನು ವಿಮಾ ಮೊತ್ತವೆಂದು ಬರೆದು, ಅದು ಸತ್ತರೆ ಹಣ ಕೊಡುವ ಪದ್ಧತಿ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಓಲೆ ಇಲ್ಲದಿದ್ದರೆ ಪರಿಹಾರವೂ ಇಲ್ಲ ಎಂಬ ಅದರ ಪ್ರಸಿದ್ಧ ಷರತ್ತನ್ನು ಹೈನುಗಾರರು ಬಾಯಿಪಾಠವಾಗಿ ಬಲ್ಲರು. ನಾಯಿಯ ಹಳೆಯ ಪಾಲಿಸಿಯೂ ಇದೇ ಜಾತಿಯದು. ಅದು ಮುಖ್ಯವಾಗಿ ಕೊಡುವುದು ಸಾವಿಗೆ ಪರಿಹಾರವನ್ನೇ ಹೊರತು ಚಿಕಿತ್ಸೆಯ ವೆಚ್ಚವನ್ನಲ್ಲ. ರೇಬೀಸ್, ಡಿಸ್ಟೆಂಪರ್, ಲೆಪ್ಟೊಸ್ಪೈರೋಸಿಸ್‌ನಂತಹ ರೋಗಗಳಿಂದ ಸತ್ತರೆ ಲಸಿಕೆ ಹಾಕಿಸಿದ ದಾಖಲೆ ತೋರಿಸಬೇಕು. ಇಲ್ಲವಾದರೆ ಅದೂ ಇಲ್ಲ.

ಕಾನೂನಿನ ಕಣ್ಣಿಗೂ ನಾಯಿ ಬಹುಮಟ್ಟಿಗೆ ಸ್ವತ್ತೇ. 2024ರ ಜುಲೈ 1ರವರೆಗೆ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 428ನೇ ಕಲಮು ‘ಹತ್ತು ರೂಪಾಯಿ ಅಥವಾ ಅದಕ್ಕೂ ಹೆಚ್ಚು ಬೆಲೆಯ’ ಪ್ರಾಣಿಯನ್ನು ಕೊಲ್ಲುವುದನ್ನು ಸ್ವತ್ತಿಗೆ ಮಾಡುವ ಹಾನಿಯ ಅಧ್ಯಾಯದಲ್ಲಿ ಇರಿಸಿತ್ತು. ಹತ್ತು ರೂಪಾಯಿಯ ಆ ಲೆಕ್ಕ ಈಗ ಹೋಗಿದೆ. ಸ್ವತ್ತು ಎಂಬ ನೋಟ ಹೋಗಿಲ್ಲ.

2020ರಲ್ಲಿ ಬಜಾಜ್ ಅಲಯನ್ಸ್, 2021ರಲ್ಲಿ ಫ್ಯೂಚರ್ ಜನರಲಿ ಸಂಸ್ಥೆಗಳು ನಾಯಿಯ ಶಸ್ತ್ರಚಿಕಿತ್ಸೆ ಹಾಗೂ ಆಸ್ಪತ್ರೆ ವೆಚ್ಚವನ್ನು ಒಳಗೊಂಡ ಪಾಲಿಸಿಗಳನ್ನು ತಂದ ನಂತರ ಚಿತ್ರ ಬದಲಾಯಿತು. ಬೇರೆ ಕಂಪೆನಿಗಳೂ ಹಿಂಬಾಲಿಸಿದವು. ಬೆಕ್ಕಿಗೆ ಈ ಭಾಗ್ಯ ಒದಗಿದ್ದು ಇನ್ನೂ ತಡವಾಗಿ. ಪರಿಣಾಮವಾಗಿ ಇಂದು ಒಂದೇ ಹೆಸರಿನಡಿ ಎರಡು ಭಿನ್ನ ಸರಕುಗಳು ಮಾರಾಟವಾಗುತ್ತಿವೆ. ಒಂದು ನಾಯಿಯ ಬೆಲೆಯನ್ನು ಕಾಯುತ್ತದೆ, ಇನ್ನೊಂದು ಅದರ ಆಸ್ಪತ್ರೆಯ ಬಿಲ್ಲನ್ನು. ಖರೀದಿಸುವವರು ಮೊದಲು ನೋಡಬೇಕಾದದ್ದು ತಮ್ಮ ಕೈಯಲ್ಲಿರುವುದು ಯಾವುದು ಎಂಬುದನ್ನು. ಎರಡನೆಯದರಲ್ಲೂ ಆಸ್ಪತ್ರೆಗೆ ದಾಖಲಾದರೆ ಮಾತ್ರ ಹಣವೋ, ಹೊರರೋಗಿ ಚಿಕಿತ್ಸೆಗೂ ಉಂಟೋ ಎಂಬ ಭೇದವಿದೆ. ಮೇಲೆ ಹೇಳಿದ ಉಣ್ಣಿ ಜ್ವರಕ್ಕೆ ಸಾಮಾನ್ಯವಾಗಿ ನಾಲ್ಕು ವಾರಗಳ ಡಾಕ್ಸಿಸೈಕ್ಲಿನ್ ಮಾತ್ರೆಯೇ ಚಿಕಿತ್ಸೆ. ನಾಯಿ ತೀರಾ ನಿತ್ರಾಣವಾಗದಿದ್ದರೆ ದಾಖಲಿಸುವ ಪ್ರಮೇಯವೇ ಬಾರದು. ಹೊರರೋಗಿ ಸೌಲಭ್ಯವಿಲ್ಲದ ಪಾಲಿಸಿಯಲ್ಲಿ ಹೊಸ ರೋಗ, ಹಳೆಯ ರೋಗ ಎಂಬ ಚರ್ಚೆಗೆ ಮೊದಲೇ ಬಾಗಿಲು ಮುಚ್ಚಿರುತ್ತದೆ.

ಮನುಷ್ಯನಿಗೆ ಉಂಟು, ನಾಯಿಗೆ ಇಲ್ಲ

ಹಳೆಯ ಕಾಯಿಲೆಗಳನ್ನು ಹೊರಗಿಡುವುದೇ ಅನ್ಯಾಯ ಎಂದು ವಾದಿಸುವುದು ಸುಲಭ, ಆದರೆ ಸರಿಯಲ್ಲ. ಮನೆಗೆ ಬೆಂಕಿ ಬಿದ್ದ ಮೇಲೆ ಬೆಂಕಿ ವಿಮೆ ಕೊಳ್ಳಲು ಎಲ್ಲರಿಗೂ ಅವಕಾಶ ಕೊಟ್ಟರೆ, ಬೆಂಕಿ ಬೀಳದವರು ಯಾರೂ ಪ್ರೀಮಿಯಂ ಕಟ್ಟುವುದಿಲ್ಲ. ಭಾರತದಲ್ಲಿ ಸಾಕುಪ್ರಾಣಿಗೆ ವಿಮೆ ಮಾಡಿಸುವವರ ಬಳಗ ಇನ್ನೂ ಚಿಕ್ಕದು. ರೋಗ ಬಂದ ನಾಯಿಗಳಷ್ಟೇ ಸೇರಿಕೊಂಡರೆ ಆ ಬಳಗ ಉಳಿಯದು. ಕಂಪೆನಿಗಳ ಈ ಮಾತಿನಲ್ಲಿ ಹುರುಳಿದೆ.

ತಕರಾರಿರುವುದು ಆ ಷರತ್ತಿನ ಎಲ್ಲೆಯ ಬಗ್ಗೆ. ಇದೇ ದೇಶದಲ್ಲಿ, ಇದೇ ಕಂಪೆನಿಗಳು ಮಾರುವ ಮನುಷ್ಯರ ಆರೋಗ್ಯ ವಿಮೆಯಲ್ಲಿ ಆ ಎಲ್ಲೆಯನ್ನು ಕಾನೂನು ಎಳೆದಿದೆ. ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2024ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿಯಮಾವಳಿಯ ಪ್ರಕಾರ, ಪಾಲಿಸಿಗೆ ಹಿಂದಿನ 36 ತಿಂಗಳಲ್ಲಿ ವೈದ್ಯರು ಗುರುತಿಸಿದ ಅಥವಾ ಸಲಹೆ, ಚಿಕಿತ್ಸೆ ನೀಡಿದ ಕಾಯಿಲೆ ಮಾತ್ರ ‘ಮೊದಲೇ ಇದ್ದ ಕಾಯಿಲೆ’. ಅಂಥ ಕಾಯಿಲೆಯನ್ನೂ ಗರಿಷ್ಠ 36 ತಿಂಗಳು ಮಾತ್ರ ಹೊರಗಿಡಬಹುದು. ಹಿಂದೆ ಈ ಮಿತಿ 48 ತಿಂಗಳಿತ್ತು. ಸತತ 60 ತಿಂಗಳು ಪಾಲಿಸಿ ನಡೆದ ಮೇಲೆ, ವಂಚನೆಯನ್ನು ಸಾಬೀತುಪಡಿಸಿದ ಹೊರತು, ‘ನೀವು ಆಗ ಹೇಳಲಿಲ್ಲ’ ಎಂಬ ನೆಪ ಒಡ್ಡುವಂತಿಲ್ಲ. ಒಂದು ಕಂಪೆನಿಯಿಂದ ಇನ್ನೊಂದಕ್ಕೆ ಹೋದರೂ ಕಾದ ಕಾಲ ಲೆಕ್ಕಕ್ಕೆ ಸಿಗುತ್ತದೆ. ಜೀವ ವಿಮೆಯಲ್ಲಂತೂ ವಿಮಾ ಕಾಯ್ದೆಯ 45ನೇ ಕಲಮಿನಡಿ ಮೂರು ವರ್ಷಗಳ ನಂತರ ಪಾಲಿಸಿಯನ್ನು ಪ್ರಶ್ನಿಸುವಂತೆಯೇ ಇಲ್ಲ.

ಸಾಕುಪ್ರಾಣಿಯ ಪಾಲಿಸಿಗೆ ಈ ಯಾವ ರಕ್ಷಣೆಯೂ ತಾನಾಗಿ ಅನ್ವಯಿಸುವುದಿಲ್ಲ. ಅದು ಆಸ್ಪತ್ರೆಯ ಬಿಲ್ಲು ಕಟ್ಟಿದರೂ ಆರೋಗ್ಯ ವಿಮೆ ಎನಿಸಿಕೊಳ್ಳದೆ ಸಾಮಾನ್ಯ ವಿಮೆಯ ಗುಂಪಿನಲ್ಲೇ ಉಳಿದಿದೆ. ವ್ಯಕ್ತಿಗತ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಿದಾಗಲೂ ಆ ವಿನಾಯಿತಿ ಸಾಮಾನ್ಯ ವಿಮೆಗೆ ಬರಲಿಲ್ಲ. ಎಷ್ಟು ವರ್ಷ ಹಿಂದಕ್ಕೆ ಹೋಗಿ ರೋಗ ಹುಡುಕಬಹುದು? ಒಮ್ಮೆ ಹಳೆಯದೆಂದು ಹಣೆಪಟ್ಟಿ ಹಚ್ಚಿದ ಕಾಯಿಲೆ ಎಂದಾದರೂ ಒಳಗೆ ಬರುತ್ತದೆಯೇ? ಎರಡಕ್ಕೂ ಉತ್ತರ ಇರುವುದು ನಿಯಮದಲ್ಲಲ್ಲ, ಆಯಾ ಕಂಪೆನಿಯ ಪಾಲಿಸಿಯ ಪಠ್ಯದಲ್ಲಿ. ನಾಯಿಯ ಆಯುಷ್ಯವೇ ಹತ್ತು ಹನ್ನೆರಡು ವರ್ಷ. ಅದರ ಪಾಲಿಗೆ ಅನಿರ್ದಿಷ್ಟ ನಿರ್ಬಂಧವೆಂದರೆ ಜೀವಮಾನದ ನಿರ್ಬಂಧವೇ.

ನವೀಕರಣದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಈ ಪಾಲಿಸಿಗಳು ಹೆಚ್ಚಾಗಿ ವಾರ್ಷಿಕ ಕರಾರುಗಳು. ಮೊದಲ ವರ್ಷ ನಾಯಿಗೆ ಚರ್ಮದ ಅಲರ್ಜಿ ಬಂದು ಕಂಪೆನಿ ಹಣ ಕೊಟ್ಟಿತೆನ್ನಿ. ಅಲರ್ಜಿ ಒಂದು ವರ್ಷಕ್ಕೆ ಮುಗಿಯುವ ರೋಗವಲ್ಲ. ಎರಡನೇ ವರ್ಷದ ಪಾಲಿಸಿಯನ್ನು ಹೊಸ ಕರಾರೆಂದು ಓದಿದರೆ ಆ ಅಲರ್ಜಿ ಅದಕ್ಕೆ ಮೊದಲೇ ಇದ್ದ ಕಾಯಿಲೆ. ಮುಂದುವರಿಕೆ ಎಂದು ಓದಿದರೆ ಅಲ್ಲ. ಬ್ರಿಟನ್ನಿನಲ್ಲಿ ಈ ಎರಡು ಓದುಗಳು ಎರಡು ಬಗೆಯ ಪಾಲಿಸಿಗಳಾಗಿಯೇ ಮಾರಾಟವಾಗುತ್ತವೆ. ಒಂದರಲ್ಲಿ ಯಾವುದೇ ಕಾಯಿಲೆಗೆ 12 ತಿಂಗಳವರೆಗೆ ಮಾತ್ರ ಹಣ, ಆಮೇಲೆ ಅದು ಹೊರಗೆ. ಇನ್ನೊಂದು ‘ಜೀವಮಾನದ’ ಪಾಲಿಸಿ. ತಪ್ಪದೆ ನವೀಕರಿಸುತ್ತಿರುವವರೆಗೆ ಪ್ರತಿ ವರ್ಷವೂ ಮಿತಿಯೊಳಗೆ ಹಣ ಸಿಗುತ್ತದೆ. ಎರಡನೆಯದು ದುಬಾರಿ, ಆದರೆ ತಾನು ಕೊಳ್ಳುತ್ತಿರುವುದು ಏನೆಂದು ಅಲ್ಲಿನ ಗ್ರಾಹಕನಿಗೆ ಗೊತ್ತಿರುತ್ತದೆ.

ಅಮೆರಿಕದಲ್ಲಿ ರಾಜ್ಯಗಳ ವಿಮಾ ಆಯುಕ್ತರ ರಾಷ್ಟ್ರೀಯ ಸಂಘವು 2022ರಲ್ಲಿ ಸಾಕುಪ್ರಾಣಿ ವಿಮೆಗೆಂದೇ ಒಂದು ಮಾದರಿ ಕಾಯ್ದೆಯನ್ನು ಅಂಗೀಕರಿಸಿತು. ಮೇನ್ ಸೇರಿದಂತೆ ಹಲವು ರಾಜ್ಯಗಳು ಅದನ್ನು ಆಧರಿಸಿ ಕಾನೂನು ಮಾಡಿವೆ. ಅದು ಹಳೆಯ ಕಾಯಿಲೆಗಳನ್ನು ಹೊರಗಿಡಲು ಕಂಪೆನಿಗಳಿಗೆ ಅವಕಾಶ ಕೊಡುತ್ತದೆ. ಆದರೆ ಕಾಯಿಲೆ ಹಳೆಯದೆಂದು ರುಜುವಾತು ಮಾಡುವ ಹೊಣೆ ಕಂಪೆನಿಯದು. ಒಮ್ಮೆ ರಕ್ಷಣೆ ಪಡೆದ ಕಾಯಿಲೆಯನ್ನು ನವೀಕರಣದ ವೇಳೆ ಹಳೆಯದೆಂದು ಕರೆಯುವಂತಿಲ್ಲ. ರೋಗಗಳಿಗೆ ಕಾಯುವ ಅವಧಿ 30 ದಿನ ಮೀರುವಂತಿಲ್ಲ, ಅಪಘಾತಕ್ಕೆ ಕಾಯಿಸುವಂತೆಯೇ ಇಲ್ಲ. ನಮ್ಮಲ್ಲಿ ಇದಕ್ಕೆ ಸಮನಾದ ವಿಶೇಷ ನಿಯಮವಿಲ್ಲ. ದೊಡ್ಡ ಸುಧಾರಣೆಯೇನೂ ಬೇಡ. ನವೀಕರಣದ ಈ ಒಂದು ಸಾಲನ್ನು ಪ್ರಾಧಿಕಾರ ಸುತ್ತೋಲೆಯಲ್ಲಿ ಬರೆದರೂ ಅರ್ಧ ತಗಾದೆ ಹುಟ್ಟುವ ಮೊದಲೇ ಅಡಗೀತು.

ವೈದ್ಯರ ಚೀಟಿಯ ಒಂದು ಪದ

ಹಳೆಯ ಕಾಯಿಲೆ ಎಂಬ ತೀರ್ಮಾನ ಪ್ರಯೋಗಾಲಯದಲ್ಲಿ ಆಗುವುದು ಅಪರೂಪ. ಬಹುಪಾಲು ಅದು ಆಗುವುದು ಪಶುವೈದ್ಯರ ಚೀಟಿಯಲ್ಲಿ. ನಾಯಿಯನ್ನು ಮೇಜಿನ ಮೇಲೆ ನಿಲ್ಲಿಸಿದಾಗ ‘ಎಷ್ಟು ದಿನದಿಂದ ಕೆರೆದುಕೊಳ್ಳುತ್ತಿದೆ?’ ಎಂದು ವೈದ್ಯರು ಕೇಳುತ್ತಾರೆ. ‘ಹೋದ ವರ್ಷದಿಂದಲೂ ಆಗಾಗ ಇದೆ ಸಾರ್’ ಎಂದು ನಾವು ಅಂದಾಜಿನ ಮೇಲೆ ಹೇಳುತ್ತೇವೆ. ಅದು ಚೀಟಿಯಲ್ಲಿ ‘ಒಂದು ವರ್ಷದಿಂದ ತುರಿಕೆ’ ಎಂದು ದಾಖಲಾಗುತ್ತದೆ. ಪಾಲಿಸಿಗೆ ಎಂಟೇ ತಿಂಗಳಾಗಿದ್ದರೆ ಕಂಪೆನಿಗೆ ಬೇರೆ ಸಾಕ್ಷಿ ಬೇಕಿಲ್ಲ. ಸುಳ್ಳು ಬರೆಸಬೇಕೆಂದು ಇದರ ಅರ್ಥವಲ್ಲ. ಅಂಥ ಸುಳ್ಳು ಬಯಲಾದರೆ ಪಾಲಿಸಿಯೇ ರದ್ದು. ತಿಳಿದಷ್ಟನ್ನು ತಿಳಿದಂತೆ ಹೇಳಬೇಕು, ಹಿಂದೊಮ್ಮೆ ಚಿಗಟದಿಂದ ಬಂದ ತುರಿಕೆಯನ್ನೂ ಇಂದಿನ ಅಲರ್ಜಿಯನ್ನೂ ಕಲಸಬಾರದು, ಬರೆದ ಚೀಟಿಯನ್ನು ಆಸ್ಪತ್ರೆ ಬಿಡುವ ಮುನ್ನ ಓದಬೇಕು ಎಂಬುದಷ್ಟೇ ಇದರ ತಾತ್ಪರ್ಯ.

ಪಾಲಿಸಿ ಕೊಳ್ಳುವ ಮುನ್ನವೇ ಪೂರ್ಣ ತಪಾಸಣೆ ಮಾಡಿಸಿ ಲಿಖಿತ ಆರೋಗ್ಯ ಪ್ರಮಾಣಪತ್ರ ಪಡೆಯುವುದು ವಿಹಿತ. ಇಲ್ಲಿ ಒಂದು ಇಕ್ಕಟ್ಟೂ ಇದೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂತಹ ತಳಿಗಳಲ್ಲಿ ಸೊಂಟದ ಕೀಲು ಸರಿಯಾಗಿ ಕೂರದ ವಂಶವಾಹಿ ದೋಷ ಸಾಮಾನ್ಯ. ಎಕ್ಸ್‌ರೇ ತೆಗೆಸಿದರೆ ಕುಂಟುವಿಕೆ ಕಾಣುವ ಮೊದಲೇ ಅದು ಪತ್ತೆಯಾಗಬಹುದು, ಪತ್ತೆಯಾದ ಕ್ಷಣದಿಂದ ಅದು ‘ಹಳೆಯ ಕಾಯಿಲೆ’ಯೂ ಆಗುತ್ತದೆ. ತೆಗೆಸದಿದ್ದರೆ ಮುಂದೆ ಎಂದೋ ‘ಇದು ಹುಟ್ಟಿನಿಂದಲೇ ಇತ್ತು’ ಎಂಬ ವಾದ ಎದುರಾಗುತ್ತದೆ. ಅದಲ್ಲದೆ ಆನುವಂಶಿಕ ದೋಷಗಳನ್ನು ಪ್ರತ್ಯೇಕ ಷರತ್ತಿನಡಿ ಹೊರಗಿಡುವ ಪಾಲಿಸಿಗಳೂ ಇವೆ. ಎಕ್ಸ್‌ರೇ ತೆಗೆಸುವುದೇ ಮೇಲು ಎಂಬುದು ಈ ವರದಿಗಾರನ ಅಭಿಪ್ರಾಯ. ಕೀಲು ಚೆನ್ನಾಗಿದ್ದರೆ ಆ ಫಿಲ್ಮು ಮುಂದೆ ನಮ್ಮ ಪರವಾಗಿ ಮಾತನಾಡುವ ಸಾಕ್ಷಿ. ಕೆಟ್ಟಿದ್ದರೆ ಪಾಲಿಸಿಯ ಮಾತು ಹಾಗಿರಲಿ, ನಾಯಿಯ ತೂಕ ಇಳಿಸುವ ಕೆಲಸವನ್ನಾದರೂ ಬೇಗ ಆರಂಭಿಸಬಹುದು.

ಬೀದಿಯಿಂದ ತಂದು ಸಾಕಿದ ನಾಯಿಗಳದ್ದು ಬೇರೆಯೇ ಕಥೆ. ಅವಕ್ಕೆ ಖರೀದಿ ರಸೀತಿ ಇಲ್ಲ, ಜನ್ಮದಿನಾಂಕವಿಲ್ಲ, ಮೊದಲ ಒಂದೆರಡು ವರ್ಷಗಳ ಆರೋಗ್ಯದ ಇತಿಹಾಸವಿಲ್ಲ. ಮಾರುಕಟ್ಟೆ ಬೆಲೆಯ ಆಧಾರದ ಮೇಲೆ ನಿಂತ ಪಾಲಿಸಿಯಲ್ಲಿ ಅವುಗಳ ಬೆಲೆ ಕಟ್ಟುವುದು ಹೇಗೆ? ಚಿಕಿತ್ಸಾ ವೆಚ್ಚದ ಪಾಲಿಸಿಯೇ ಇವಕ್ಕೆ ಸೂಕ್ತ. ವಯಸ್ಸನ್ನು ಹಲ್ಲು ನೋಡಿ ಅಂದಾಜಿಸಿದ ಪಶುವೈದ್ಯರ ಪತ್ರ, ಪ್ರಸ್ತಾವನಾ ಅರ್ಜಿಯಲ್ಲಿ ‘ಇಂಥ ದಿನ ದತ್ತು ಪಡೆದದ್ದು, ಅದಕ್ಕೆ ಹಿಂದಿನದು ತಿಳಿದಿಲ್ಲ’ ಎಂಬ ಸ್ಪಷ್ಟ ಒಕ್ಕಣೆ ಎರಡೂ ಇರಲಿ. ತಿಳಿಯದ್ದನ್ನು ತಿಳಿಸಲಿಲ್ಲವೆಂದು ಆಮೇಲೆ ಆಕ್ಷೇಪಿಸುವುದು ಕಷ್ಟ.

ಮೈಕ್ರೋಚಿಪ್ ಹಾಕಿಸಿದ್ದರೆ ಅದರ 15 ಅಂಕಿಗಳ ಸಂಖ್ಯೆ ಪ್ರತಿ ಬಿಲ್ಲು, ಪ್ರತಿ ಚೀಟಿಯ ಮೇಲೂ ಬರುವಂತೆ ನೋಡಿಕೊಳ್ಳುವುದು ಒಳ್ಳೆಯದು. ‘ಬ್ರೂನೋ’ ಎಂಬ ಹೆಸರಿನ ನಾಯಿಗಳು ಒಂದೊಂದು ಬಡಾವಣೆಯಲ್ಲೂ ನಾಲ್ಕಾರು ಸಿಕ್ಕಾವು. ಕಂಪೆನಿ ಬದಲಿಸುವ ಯೋಚನೆ ಬಂದಾಗ ನೂರು ರೂಪಾಯಿಯ ಉಳಿತಾಯಕ್ಕಿಂತ ಮೊದಲು ಹಳೆಯ ಕಂಪೆನಿಯಲ್ಲಿ ಒಳಗಿದ್ದ ಕಾಯಿಲೆಗಳೆಲ್ಲ ಹೊಸ ಕಂಪೆನಿಯಲ್ಲಿ ಹೊರಗಾಗುವುದನ್ನು ನೆನೆಯಬೇಕು. ನವೀಕರಣದ ದಿನ ತಪ್ಪಿದರೂ ಇದೇ ಪರಿಣಾಮವಾಗಬಹುದು. ಎಂಟು, ಒಂಬತ್ತು ವರ್ಷ ದಾಟಿದ ನಾಯಿಗೆ ಹೊಸದಾಗಿ ವಿಮೆ ಸಿಗುವುದೇ ದುರ್ಲಭ. ಸಿಕ್ಕರೂ ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಮೊದಲಾದವು ಅದಾಗಲೇ ಚೀಟಿಗೆ ಏರಿದ್ದರೆ ಪ್ರೀಮಿಯಂ ಕಟ್ಟಿ ಕೊಳ್ಳುವಂಥದ್ದು ಏನೂ ಉಳಿದಿರುವುದಿಲ್ಲ. ಅಂಥವರು ಅದೇ ಹಣವನ್ನು ತಿಂಗಳು ತಿಂಗಳು ಆರ್‌ಡಿ ಖಾತೆಗೆ ಹಾಕುವುದು ಲೇಸು. ನಾಯಿ ಬೇರೆಯವರನ್ನು ಕಚ್ಚಿದಾಗ ಬರುವ ಹೊಣೆಗಾರಿಕೆಗೆ ರಕ್ಷಣೆ ಬೇಕೆಂದರೆ ಮಾತ್ರ ಪಾಲಿಸಿಯನ್ನು ಮತ್ತೊಮ್ಮೆ ಪರಿಶೀಲಿಸಬಹುದು.

ತಗಾದೆ ಎದ್ದರೆ

ಸಾಕುಪ್ರಾಣಿ ವಿಮೆಗೆ ವಿಶೇಷ ಕಾನೂನು ಇಲ್ಲವೆಂದ ಮಾತ್ರಕ್ಕೆ ಗ್ರಾಹಕ ಬರಿಗೈಯವನಲ್ಲ. ಪ್ರಾಧಿಕಾರವು 2024ರ ಜೂನ್‌ನಲ್ಲಿ ಸಾಮಾನ್ಯ ವಿಮೆಯ ಬಗ್ಗೆ ಹೊರಡಿಸಿದ ಮಾಸ್ಟರ್ ಸುತ್ತೋಲೆ ನಾಯಿಯ ಪಾಲಿಸಿಗೂ ಅನ್ವಯವಾಗುವಂಥದ್ದು. ಅದರಂತೆ ಪಾಲಿಸಿಯ ಸಾರಾಂಶವನ್ನು ಸರಳವಾಗಿ ತಿಳಿಸುವ ಮಾಹಿತಿ ಪತ್ರವನ್ನು ಗ್ರಾಹಕನಿಗೆ ಕೊಡಬೇಕು. ಹೊರತುಪಡಿಸಿದ ಸಂಗತಿಗಳು ಅದರಲ್ಲಿರುತ್ತವೆ. ಉಳಿದದ್ದನ್ನು ಓದದವರು ಇದನ್ನಾದರೂ ಓದಬೇಕು. ಓದಿ ಒಪ್ಪಿಗೆಯಾಗದಿದ್ದರೆ ಕಾರಣ ಹೇಳದೆಯೇ ಪಾಲಿಸಿ ರದ್ದುಪಡಿಸಬಹುದು. ಕ್ಲೇಮು ಮಾಡಿರದಿದ್ದರೆ ಉಳಿದ ಅವಧಿಯ ಪ್ರೀಮಿಯಂ ಮರಳಿ ಬರುತ್ತದೆ. ದಾಖಲೆ ಕೊರತೆಯ ಕಾರಣವೊಂದನ್ನೇ ನೀಡಿ ಕ್ಲೇಮು ತಿರಸ್ಕರಿಸಬಾರದು ಎಂದೂ ಆ ಸುತ್ತೋಲೆ ಹೇಳಿದೆ.

ನ್ಯಾಯಾಲಯಗಳ ತೀರ್ಪುಗಳೂ ನೆರವಿಗಿವೆ. ಮನಮೋಹನ್ ನಂದಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಡಿಸೆಂಬರ್‌ನಲ್ಲಿ ನೀಡಿದ ತೀರ್ಪು ಅವುಗಳಲ್ಲಿ ಮುಖ್ಯವಾದುದು. ವಿದೇಶ ಪ್ರವಾಸದ ವೈದ್ಯಕೀಯ ಪಾಲಿಸಿ ಪಡೆದು ಅಮೆರಿಕಕ್ಕೆ ಹೋದ ವ್ಯಕ್ತಿಗೆ ಅಲ್ಲಿ ಹೃದಯಾಘಾತವಾಗಿತ್ತು. ಹಳೆಯ ಕಾಯಿಲೆಯನ್ನು ಪೂರ್ಣವಾಗಿ ತಿಳಿಸಿಲ್ಲವೆಂದು ಕಂಪೆನಿ ಹಣ ನಿರಾಕರಿಸಿತ್ತು. ಅರ್ಜಿಯಲ್ಲಿ ತಿಳಿಸಿದ ಆರೋಗ್ಯ ಸ್ಥಿತಿಯನ್ನು ಪರಿಶೀಲಿಸಿ ಪಾಲಿಸಿ ಕೊಟ್ಟ ಬಳಿಕ, ಅದೇ ಸ್ಥಿತಿಯನ್ನು ಮುಂದೊಡ್ಡಿ ಪರಿಹಾರ ನಿರಾಕರಿಸುವಂತಿಲ್ಲ ಎಂದು ಪೀಠ ಹೇಳಿತು. ಅದು ಮನುಷ್ಯರ ಪಾಲಿಸಿ, ನಿಜ. ಆದರೆ ಕರಾರಿನ ತತ್ವ ಒಂದೇ. ಆದ್ದರಿಂದಲೇ ಪ್ರಸ್ತಾವನಾ ಅರ್ಜಿಯಲ್ಲಿ ಹಳೆಯ ಕಾಯಿಲೆಯನ್ನು ಮುಚ್ಚಿಡುವುದಕ್ಕಿಂತ ಬರೆಯುವುದೇ ಗ್ರಾಹಕನಿಗೆ ಹೆಚ್ಚು ಲಾಭಕರ. ಷರತ್ತಿನ ಪ್ರಕಾರ ಇದು ಹೊರಗೆ ಎಂದು ತೋರಿಸುವ ಹೊಣೆ ಕಂಪೆನಿಯದು ಎಂದು 2007ರಲ್ಲೇ ಈಶರ್ ದಾಸ್ ಮದನ್ ಲಾಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಅದು ಆಭರಣ ವ್ಯಾಪಾರಿಯ ವಿಮೆಯ ವ್ಯಾಜ್ಯ! ನಾಯಿಯ ಮಾಲೀಕ ಅದನ್ನು ಉಲ್ಲೇಖಿಸಲು ಅಡ್ಡಿಯಿಲ್ಲ.

ಕ್ಲೇಮು ತಿರಸ್ಕೃತವಾದಾಗ ದೂರವಾಣಿಯ ಉತ್ತರಕ್ಕೆ ತೃಪ್ತರಾಗದೆ, ಯಾವ ಷರತ್ತಿನಡಿ, ಯಾವ ದಾಖಲೆಯ ಆಧಾರದ ಮೇಲೆ ಎಂಬುದನ್ನು ಬರಹದಲ್ಲಿ ಕೇಳಬೇಕು. ‘ಈ ಬಾರಿಯದು ಪ್ರತ್ಯೇಕ ಸೋಂಕು, ಹಿಂದಿನ ಚಿಕಿತ್ಸೆ ಪೂರ್ಣಗೊಂಡು ರಕ್ತಕಣಗಳ ಎಣಿಕೆ ಸಹಜಕ್ಕೆ ಮರಳಿತ್ತು’ ಎಂಬಂತಹ ಸ್ಪಷ್ಟ ಅಭಿಪ್ರಾಯವನ್ನು, ಅದು ನಿಜವಾಗಿದ್ದಲ್ಲಿ, ಚಿಕಿತ್ಸೆ ನೀಡಿದ ವೈದ್ಯರಿಂದ ಪಡೆದು ಲಗತ್ತಿಸಬೇಕು. ಉಣ್ಣಿ ಜ್ವರ ವಾಸಿಯಾದಾಗ ಕೊನೆಯದೊಂದು ರಕ್ತಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಂಡವರಿಗೆ ಇದು ಸುಲಭ, ಮಾಡಿಸದವರಿಗೆ ಕಷ್ಟ.

ಕಂಪೆನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಟ್ಟು, ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನಕರವಲ್ಲದಿದ್ದರೆ ವಿಮಾ ಒಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಕರ್ನಾಟಕದವರಿಗೆ ಆ ಕಚೇರಿ ಬೆಂಗಳೂರಿನಲ್ಲೇ ಇದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. 50 ಲಕ್ಷ ರೂಪಾಯಿವರೆಗಿನ ಕ್ಲೇಮುಗಳನ್ನು ಆಲಿಸುವ ಅಧಿಕಾರ ಅದಕ್ಕಿದೆ. ನಾಯಿಯ ಆಸ್ಪತ್ರೆಯ ಬಿಲ್ಲು ಆ ಮಿತಿಯ ಹತ್ತಿರಕ್ಕೂ ಹೋಗದು. ಆದರೆ ಕಂಪೆನಿ ತಿರಸ್ಕರಿಸಿದ ಒಂದು ವರ್ಷದೊಳಗೆ ದೂರು ಸಲ್ಲಬೇಕು. ಅದೇ ವಿಷಯ ಗ್ರಾಹಕರ ಆಯೋಗದಲ್ಲಿ ಬಾಕಿ ಇದ್ದರೆ ಒಂಬುಡ್ಸ್‌ಮನ್ ಅದನ್ನು ಕೈಗೆತ್ತಿಕೊಳ್ಳುವುದಿಲ್ಲ. ಹಾಗಾಗಿ ಮೊದಲು ಒಂಬುಡ್ಸ್‌ಮನ್, ಅಲ್ಲಿ ನ್ಯಾಯ ಸಿಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಎಂಬ ಕ್ರಮವೇ ಯುಕ್ತ. ಆಯೋಗಕ್ಕೆ ಹೋಗಲು ಎರಡು ವರ್ಷಗಳ ಕಾಲಾವಕಾಶವಿದೆ. ಐದು ಲಕ್ಷ ರೂಪಾಯಿವರೆಗೆ ಪಾವತಿಸಿದ ವ್ಯವಹಾರಗಳಿಗೆ ಅಲ್ಲಿಯೂ ಶುಲ್ಕವಿಲ್ಲ. ಅಷ್ಟೂ ಕಾಲ ಲಸಿಕೆ ಪುಸ್ತಕ, ಚೀಟಿ, ಬಿಲ್ಲು ಹಾಗೂ ಪ್ರಸ್ತಾವನಾ ಅರ್ಜಿಯ ಪ್ರತಿಯನ್ನು ಒಂದೇ ಕಡತದಲ್ಲಿ ಜೋಪಾನ ಮಾಡಿರಬೇಕು.